ಬೆಳಿಗ್ಗೆ ಏಳಲೊಲ್ಲದ ಫೋನು

ಆ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಸೊಸೆ. ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದುದು ಫೋನು.

ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕತ್ತರಿಸುವ ಉದ್ದನೆಯ ಮೇಜು, ಕಿಟಕಿ ಪಕ್ಕ ತುಳಿಯುವ ಮೆಷಿನ್ನು, ಗೋಡೆಗೆ ಹೊಡೆದ ಮೊಳೆಗಳಲ್ಲಿ ಅರ್ಧ ತೋಳಿನ, ಕಾಲರಿಲ್ಲದ, ಯಾರದೋ ಮೈಯ ಆಕಾರದ ಬಟ್ಟೆಗಳು. ರಾತ್ರಿ ಊಟಕ್ಕೆ ಏಳುವ ಮೊದಲು ಮಾವ ಮೆಷಿನ್ನಿನ ಪಟ್ಟಿ ಕಳಚಿ, ಅದರ ಮೇಲೆ ಹಳೇ ಪಂಚೆ ಹೊದಿಸಿ, ಆಮೇಲೆ ಫೋನನ್ನೂ ಆಫ್ ಮಾಡಿ ಅದರ ಪಕ್ಕ ಮಲಗಿಸುತ್ತಿದ್ದರು.

"ದುಡಿಯೋ ಯಾವುದಕ್ಕಾದ್ರೂ ಒಂದು ನಿದ್ದೆ ಬೇಕು."

"ಅಪ್ಪಾ, ಫೋನಿಗೆ ಸೊಂಟ ನೋಯಲ್ಲ," ಎನ್ನುತ್ತಿದ್ದಳು ಕಾಲೇಜಿಗೆ ಹೋಗುವ ನಾದಿನಿ.

"ನಿನಗೂ ನೋಯಲ್ಲ. ಆದ್ರೂ ಬೆಳಗಾದ್ರೂ ಏಳ್ತೀಯಾ?"

ಬೆಳಿಗ್ಗೆ ಅದನ್ನು ಎಬ್ಬಿಸುವ ಕೆಲಸ ಸೊಸೆಯದು. ಮಾವನಿಗೆ ಮೊದಲ ಚಹಾ ಕೊಟ್ಟು, ಅವರು ಮೆಷಿನ್ನಿಗೆ ಎಣ್ಣೆ ಬಿಡುವ ಹೊತ್ತಿಗೆ ಆನ್ ಬಟನ್ ಒತ್ತಿ ಹಿಡಿದು, ಬೆಳಕು ಬಂದ ಮೇಲೆ ಮೇಜಿನ ಮೇಲಿಡುವುದು. ಗಿರಾಕಿಗಳು ಈಗ ಬಟ್ಟೆಯ ಮಾದರಿಯನ್ನು ಫೋಟೋದಲ್ಲಿ ಕಳಿಸುತ್ತಿದ್ದರು. "ಇದೇ ತರ ಕತ್ತು, ಇದೇ ತರ ತೋಳು" ಎಂದು ಬರುತ್ತಿದ್ದ ಆ ಚಿತ್ರಗಳನ್ನು ದೊಡ್ಡದು ಮಾಡಿ ಮಾವನಿಗೆ ತೋರಿಸುತ್ತಿದ್ದವಳೂ ಅವಳೇ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಮಾತು ಕಡಿಮೆ. ಇಡೀ ದಿನ ಅಂಚು ಹೊಲಿಯುತ್ತ, ಕಾಜಾ ಹಾಕುತ್ತ, ಕತ್ತರಿಸುವ ಮಾವನ ಕೈಯನ್ನು ಕಣ್ಣಂಚಿನಲ್ಲಿ ನೋಡುತ್ತ ಕೂತಿರುತ್ತಿದ್ದಳು. ಅಷ್ಟು ಸುಮ್ಮನಿರುವವಳ ಮೇಲೆ ಅತ್ತೆಗೆ ಮೊದಲಿನಿಂದಲೂ ಪೂರ್ತಿ ನಂಬಿಕೆಯಿರಲಿಲ್ಲ. "ಬೊಗಳೋ ನಾಯಿ ಲೆಕ್ಕ ಸಿಗುತ್ತೆ. ಸುಮ್ನೆ ನೋಡ್ಕೊಂಡು ಕೂತಿರೋ ಬೆಕ್ಕಿನ ಲೆಕ್ಕ ಸಿಗಲ್ಲ," ಎನ್ನುವುದು ಅವರ ಮಾತು.

ಒಂದು ದಿನ ಚಹಾದ ಲೋಟ ಸರಿಸಲು ಹೋಗಿ ಸೊಸೆಯ ಮೊಣಕೈ ತಗುಲಿ ಫೋನು ಮೇಜಿನಿಂದ ನೆಲಕ್ಕೆ ಬಿತ್ತು. ಒಡೆಯಲಿಲ್ಲ, ಗೀರೂ ಬೀಳಲಿಲ್ಲ. ಆದರೂ ಅಡುಗೆಮನೆಯಿಂದ ಅತ್ತೆ ಓಡಿ ಬಂದರು.

"ಏನು ಬಿತ್ತು?"

"ಫೋನು ಅತ್ತೆ."

"ತಾನಾಗೇ ಬಿತ್ತಾ?"

ಸೊಸೆ ಉತ್ತರ ಹುಡುಕುವಷ್ಟರಲ್ಲಿ ಮಾವ, "ಬಿದ್ದದ್ದು ಬಿತ್ತು ಬಿಡೇ. ಅದಕ್ಕೊಂದು ಅಂಗಿ ಹೊಲಿದುಬಿಡ್ತೀನಿ," ಎಂದರು.

ಹೇಳಿದ್ದನ್ನು ಮಾಡಿಯೇಬಿಟ್ಟರು. ಪ್ಯಾಂಟಿನ ಗಟ್ಟಿ ನೀಲಿ ಬಟ್ಟೆ ಹೊರಗೆ, ಮೆತ್ತನೆಯ ಅಸ್ತರು ಒಳಗೆ, ಎರಡರ ನಡುವೆ ಕಾಲರು ನೆಟ್ಟಗೆ ನಿಲ್ಲಲೆಂದು ಹಾಕುವ ಗಟ್ಟಿ ಬಕ್ರಮ್ಮು. ಮುಂದೆ ಗಾಜು ಕಾಣುವಷ್ಟು ಕಿಟಕಿ. ಬಲಗಡೆ ಆನ್ ಬಟನ್ನಿಗೆಂದು ಒಂದು ಪುಟ್ಟ ಕಾಜಾ, ಸುತ್ತಲೂ ರೇಷ್ಮೆ ನೂಲಿನ ಕಟ್ಟು. ಫೋನನ್ನು ಒಳಗೆ ತೂರಿಸಿದರೆ ಎಲ್ಲೂ ಒಂದು ಸುಕ್ಕಿಲ್ಲ, ಮೈಗೆ ಅಂಟಿದ ಹಾಗೆ ಕೂತಿತು.

"ನೋಡಿದ್ಯಾ? ಈ ಕೈಯಿಂದ ಹೋದ ಬಟ್ಟೆ ಸರಿಮಾಡಿಕೊಡಿ ಅಂತ ಇವತ್ತಿನವರೆಗೂ ವಾಪಸ್ ಬಂದಿಲ್ಲ," ಎಂದರು ಮಾವ. ಮಾತು ಸೊಸೆಯ ಕಡೆಗೆ, ಕಣ್ಣು ಮಾತ್ರ ಬಾಗಿಲಲ್ಲಿ ನಿಂತಿದ್ದ ಮಗನ ಕಡೆಗೆ.

ಮಗ, ಅಂದರೆ ಸೊಸೆಯ ಗಂಡ, ಬೇಕರಿಯ ವ್ಯಾನು ಓಡಿಸುತ್ತಿದ್ದ. ಬೆಳಕು ಹರಿಯುವ ಮೊದಲೇ ಹೋಗಿ ಅಂಗಡಿಗಳಿಗೆ ಬ್ರೆಡ್ಡು ಹಾಕಿ, ತಿಂಡಿಯ ಹೊತ್ತಿಗೆ ಮಾರಾಟವಾಗದ ನಿನ್ನೆಯ ಬನ್ನುಗಳ ಚೀಲ ಹಿಡಿದು ಮನೆಗೆ ಬರುತ್ತಿದ್ದ. ಅಪ್ಪ ಕತ್ತರಿ ಕೆಳಗಿಡಬೇಕು, ಮುಂದಿನ ಕೋಣೆಯನ್ನು ಬೇಕರಿಗೆ ಗೋದಾಮಾಗಿ ಬಾಡಿಗೆಗೆ ಕೊಡಬೇಕು ಎಂಬುದು ಅವನ ಬಹಳ ದಿನಗಳ ಹಟ. "ಅಪ್ಪಾ, ಸೂಜಿಗೆ ದಾರ ಪೋಣಿಸೋಕೆ ಅವಳನ್ನ ಕರೀತೀರಾ. ಕಣ್ಣು ಹೋಗಿದೆ, ಒಪ್ಪಿಕೊಳ್ಳಿ," ಎನ್ನುತ್ತಿದ್ದ. ಅಪ್ಪ ಒಪ್ಪಿಕೊಳ್ಳುತ್ತಿರಲಿಲ್ಲ.

ಅಂಗಿ ತೊಟ್ಟ ಮರುದಿನವೇ ಫೋನು ಎದ್ದೇಳಲಿಲ್ಲ.

ಸೊಸೆ ಬಟನ್ ಒತ್ತಿ ಹಿಡಿದಳು. ಬೆಳಕು ಬಂತು, ಕಂಪನಿಯ ಗುರುತು ಮೂಡಿತು, ಅಷ್ಟೇ. ಅಲ್ಲೇ ಕಲ್ಲಾಗಿ ನಿಂತಿತು. ಅವಳು ಕಾದಳು. ಒಲೆಯ ಮೇಲೆ ಹಾಲು ಉಕ್ಕಿತು.

"ಏನಾಯ್ತು?" ಎಂದರು ಮಾವ.

"ನಿಂತ್ಕೊಂಡಿದೆ ಮಾವ."

"ಮೊನ್ನೆ ಬಿದ್ದಿತ್ತಲ್ಲ, ಪೆಟ್ಟು ಒಳಗೆ ಆಗಿರುತ್ತೆ," ಎಂದರು ಅತ್ತೆ ಒಲೆ ಆರಿಸುತ್ತ. "ಹೊರಗೆ ಕಾಣೋ ಗಾಯ ಗಾಯವೇ ಅಲ್ಲ."

ನಾದಿನಿ ಹಾಸಿಗೆಯಿಂದಲೇ ಕೂಗಿದಳು, "ಇಲ್ಲಿ ಕೊಡಿ ಅತ್ತಿಗೆ!" ಅವಳಿಗೆ ಅಪ್ಪ ಹೊಲಿದ ಅಂಗಿ ಕಂಡರಾಗದು, ಮೊದಲು ಅದನ್ನು ಕಿತ್ತು ಹಾಸಿಗೆಯ ಮೇಲೆ ಎಸೆದಳು. ಆಮೇಲೆ ಬಟನ್ ಒತ್ತಿದಳು. ಫೋನು ಎದ್ದಿತು, ಹಾಡಿತು, ಗಿರಾಕಿಗಳ ಸಂದೇಶಗಳು ಟಣ್ ಟಣ್ ಎಂದು ಉದುರಿದವು.

"ನನ್ನ ಕೈಗೆ ಬಂದ ತಕ್ಷಣ ಎದ್ದೇಳುತ್ತೆ ನೋಡಿ. ಇದಕ್ಕೂ ಗೊತ್ತು ಯಾರು ಓದಿದವರು ಅಂತ."

ಆ ವಾರ ಇದೇ ಕಥೆಯಾಯಿತು. ಸೊಸೆ ಒತ್ತಿದರೆ ನಿಲ್ಲುತ್ತಿತ್ತು, ನಾದಿನಿ ಒತ್ತಿದರೆ ಏಳುತ್ತಿತ್ತು, ಎದ್ದ ಮೇಲೆ ಮಾವ ಅದಕ್ಕೆ ಮತ್ತೆ ಅಂಗಿ ತೊಡಿಸುತ್ತಿದ್ದರು. ಜೊತೆಗೆ ಇನ್ನೊಂದು ಕಾಟವೂ ಶುರುವಾಯಿತು. ಹಗಲಲ್ಲಿ ಯಾರಾದರೂ ಕರೆ ಮಾಡಿದರೆ ಫೋನು ಬಾಯಿ ಬಿಡುತ್ತಿರಲಿಲ್ಲ. ಸದ್ದು ತಾನೇ ತಾನಾಗಿ ಇಳಿದು ಸೊನ್ನೆಗೆ ಬಂದಿರುತ್ತಿತ್ತು.

"ಸದ್ದು ಯಾರು ಕಡಿಮೆ ಮಾಡಿದ್ದು?" ಅತ್ತೆ ಕೇಳಿದರು.

"ನಾನಲ್ಲ ಅತ್ತೆ."

"ನೀನು ಅಂತ ನಾನೆಲ್ಲಿ ಹೇಳಿದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!"

ಸೊಸೆ ಆಲೂಗಡ್ಡೆ ಸಿಪ್ಪೆ ತೆಗೆಯುವುದನ್ನು ಮುಂದುವರಿಸಿದಳು. ಇಲ್ಲವೆಂದರೂ ತಪ್ಪು, ಸುಮ್ಮನಿದ್ದರೂ ತಪ್ಪು ಎನ್ನುವ ಮನೆಯಲ್ಲಿ ಆಲೂಗಡ್ಡೆಯೇ ವಾಸಿ.

ವಾರದ ಕೊನೆಗೆ ಗಂಡ ಫೋನನ್ನು ಬಸ್ ನಿಲ್ದಾಣದ ಹತ್ತಿರದ ರಿಪೇರಿಯವನ ಬಳಿ ಕೊಂಡುಹೋದ. ರಿಪೇರಿಯವನು ಹಣೆಗೆ ಕಟ್ಟಿಕೊಂಡ ಭೂತಗನ್ನಡಿಯನ್ನು ಕಣ್ಣಿಗಿಳಿಸಿ, ನೀಲಿ ಅಂಗಿಯನ್ನು ಕಳಚಿ ಪಕ್ಕಕ್ಕಿಟ್ಟು, ಬಟನ್ ಒತ್ತಿದ. ಒಳ್ಳೇ ಮಗುವಿನ ಹಾಗೆ ಫೋನು ಕಣ್ಣುಬಿಟ್ಟಿತು.

"ಇದಕ್ಕೇನಾಗಿದೆ ಸ್ವಾಮಿ? ಚೆನ್ನಾಗೇ ಇದೆಯಲ್ಲ."

"ಮನೇಲಿ ಏಳಲ್ಲ."

"ಮನೇಲಿ ಏಳಲ್ಲ, ಅಂಗಡೀಲಿ ಏಳುತ್ತೆ ಅಂದ್ರೆ ರಿಪೇರಿ ಮನೆಗೆ ಮಾಡಬೇಕು," ಎಂದು ನಕ್ಕ ಅವನು. ಹಿಂದಿನ ಮುಚ್ಚಳ ಬಿಚ್ಚಿ ನೋಡಿದ. ಬಿದ್ದ ಪೆಟ್ಟಿನ ಗುರುತು ಎಲ್ಲೂ ಇಲ್ಲ, ನೀರು ಹೋಗಿಲ್ಲ, ಬ್ಯಾಟರಿ ಉಬ್ಬಿಲ್ಲ. "ಬೇಕಾದ್ರೆ ಒಳಗಿರೋದನ್ನೆಲ್ಲ ಅಳಿಸಿ ಹೊಸದು ಮಾಡಿಕೊಡ್ತೀನಿ. ಅದಕ್ಕೂ ಬಗ್ಗದಿದ್ರೆ ಯಾರೋ ಕೈಯಾಡಿಸ್ತಿದ್ದಾರೆ ಅಂತಲೇ ಲೆಕ್ಕ."

ಗಂಡ ಹೂಂ ಎಂದ. ಗಿರಾಕಿಗಳು ಕಳಿಸಿದ್ದ ಕತ್ತು, ತೋಳು, ಜೇಬು, ನೆರಿಗೆಯ ಚಿತ್ರಗಳೆಲ್ಲ ಒಂದೇ ಏಟಿಗೆ ಹೋದವು. ಅಂದು ರಾತ್ರಿ ಊಟಕ್ಕೆ ಕೂತಾಗ ಮಾವ ತಟ್ಟೆ ಮುಟ್ಟಲಿಲ್ಲ.

"ಯಾರನ್ನ ಕೇಳಿ ಅಳಿಸಿದೆ?"

"ರಿಪೇರಿ ಮಾಡಿಸು ಅಂದ್ರಿ, ಮಾಡಿಸ್ದೆ."

"ಕಾಲು ನೋವು ಅಂತ ಹೋದವನ ತಲೆ ತೆಗೆದ್ರೆ ರಿಪೇರಿನಾ? ಆ ಮೇಷ್ಟರ ಹೆಂಡತಿ ಕೋಟಿನ ಕಾಲರ್ ಹೇಗಿತ್ತು ಅಂತ ನಾನೀಗ ಯಾರನ್ನ ಕೇಳ್ಲಿ?"

"ಅಗಲವಾಗಿ, ತುದಿ ದುಂಡಗೆ, ಹಿಂದೆ ಒಂದು ಜೋಡಣೆ ಮಾವ," ಎಂದಳು ಸೊಸೆ ಮೆಲ್ಲಗೆ, ಅನ್ನ ಬಡಿಸುತ್ತ. ಮಾವ ತಲೆಯೆತ್ತಿ ನೋಡಿ, ತಟ್ಟೆ ಹತ್ತಿರ ಎಳೆದುಕೊಂಡರು. ಅತ್ತೆಯೂ ನೋಡಿದರು. ಅವರ ನೋಟ ಬೇರೆ. ಇಷ್ಟೆಲ್ಲ ನೆನಪಿಡುವವಳು ಇನ್ನೂ ಏನೇನು ನೆನಪಿಟ್ಟಿದ್ದಾಳೋ ಎನ್ನುವಂತಿತ್ತು.

ಆಮೇಲಿನ ಕೆಲವು ದಿನ ಫೋನು ಗಡಿಯಾರದ ಹಾಗೆ ನಡೆಯಿತು. ಕಾಲೇಜಿಗೆ ರಜೆ ಇದ್ದುದರಿಂದ ಅದನ್ನು ಎಬ್ಬಿಸುವ ಕೆಲಸ ನಾದಿನಿಯ ಪಾಲಿಗೆ ಬಂದಿತ್ತು. ರಿಪೇರಿಯವನ ಮೇಜಿನ ಮೇಲೆಯೇ ಉಳಿದುಹೋಗಿದ್ದ ನೀಲಿ ಅಂಗಿಯನ್ನು ಯಾರೂ ನೆನೆಯಲಿಲ್ಲ, ಮಾವನ ಹೊರತು. "ಬರಿಮೈಯಲ್ಲಿ ಓಡಾಡಿಸ್ತಿದೀರಲ್ಲ ಅದನ್ನ," ಎಂದು ಅವರು ದಿನಕ್ಕೊಮ್ಮೆ ಗೊಣಗುತ್ತಿದ್ದರು. ರಜೆ ಮುಗಿಯುವ ಹಿಂದಿನ ದಿನ ಮಗ ವ್ಯಾನಿನಲ್ಲಿ ಆ ಕಡೆ ಹೋದವನು ಅಂಗಿಯನ್ನು ತಂದುಕೊಟ್ಟ. ಮಾವ ಅದನ್ನು ಕೊಡವಿ, ಇಸ್ತ್ರಿ ಮಾಡಿ, ಫೋನಿಗೆ ತೊಡಿಸಿದರು.

ಮರುದಿನ ಬೆಳಿಗ್ಗೆ ಎಬ್ಬಿಸುವ ಕೆಲಸ ಮತ್ತೆ ಸೊಸೆಗೆ. ಕಂಪನಿಯ ಗುರುತು ಮೂಡಿತು. ಕಲ್ಲಾಗಿ ನಿಂತಿತು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಬಹಳ ಹೊತ್ತಿನಿಂದ ನಿಂತಿದ್ದರು ಎಂದು ಕಾಣುತ್ತದೆ.

"ಸಾಕು ಬಿಡು. ಈಗ ನನಗೆ ಗೊತ್ತಾಯ್ತು."

"ಏನತ್ತೆ?"

"ಏನೂ ಇಲ್ಲ."

ಆ ಏನೂ ಇಲ್ಲ ಎನ್ನುವುದು ಸಂಜೆಯ ಹೊತ್ತಿಗೆ ಮನೆಯ ಮೂಲೆಮೂಲೆಗೂ ಹೋಗಿ ಬಂದಿತು. ಅದೇ ದಿನ ಆಸ್ಪತ್ರೆಯ ಸಮವಸ್ತ್ರ ನೋಡಿಕೊಳ್ಳುವ ಹೆಂಗಸು ಖುದ್ದಾಗಿ ಬಂದು ಬಾಗಿಲಲ್ಲೇ ನಿಂತು, "ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಸಾಕಾಯ್ತು. ಹೊಲಿಗೆ ಕೆಲಸ ನಿಮಗೇ ಕೊಡೋಣ ಅಂತಿದ್ದೆ, ಬೇರೆಯವರಿಗೆ ಕೊಟ್ಟೆ. ದಾರೀಲಿ ನಿಮ್ಮನೆ ಸಿಕ್ತು, ಹೇಳಿ ಹೋಗೋಣ ಅಂತ ಬಂದೆ," ಎಂದು ಹೇಳಿ ಹೊರಟುಹೋದಳು. ದಾದಿಯರ ಮೇಲಂಗಿಗಳು, ಇಡೀ ಆಸ್ಪತ್ರೆಗೆ! ಮಾವ ಅಳತೆಪಟ್ಟಿಯನ್ನು ಕೊರಳಿಂದ ತೆಗೆದು ಸುರುಳಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಇದು ಬಿದ್ದ ಪೆಟ್ಟಲ್ಲ," ಎಂದರು ಅತ್ತೆ ರಾತ್ರಿ ಬೇಳೆ ಬಡಿಸುತ್ತ. "ರಿಪೇರಿಯವನೇ ಹೇಳಿದಾನಲ್ಲ, ಕೈಯಾಡಿಸ್ತಿದ್ದಾರೆ ಅಂತ. ಮಗಳು ಒತ್ತಿದ ದಿನ ಎಲ್ಲ ಸರಿ. ಇವಳು ಒತ್ತಿದ ದಿನ ಇಲ್ಲ."

"ಅಮ್ಮಾ, ಅತ್ತಿಗೆ ಯಾಕೆ ಹಾಗೆ ಮಾಡ್ತಾರೆ?" ಎಂದಳು ನಾದಿನಿ. ಆದರೆ ಅವಳ ದನಿಯಲ್ಲೂ ಅರ್ಧ ಪ್ರಶ್ನೆಯಿತ್ತು.

"ಯಾಕೆ? ಹೋದ ತಿಂಗಳು ನಿನ್ನ ಅಣ್ಣ ಏನಂದ? ಅವಳಿಗೂ ಒಂದು ಫೋನ್ ಬೇಕು ಅಂದ. ನಾನು ಬೇಡ ಅಂದೆ. ಮನೇಲಿರೋದು ಕೆಟ್ರೆ ಹೊಸದು ಬರುತ್ತೆ, ಹಳೇದು ಯಾರ ಕೈಗೆ ಹೋಗುತ್ತೆ? ನೀನೇ ಹೇಳು, ನೀನು ಓದಿದವಳು."

ಎದುರಿಗೇ ಕೂತಿದ್ದ ಸೊಸೆಯನ್ನು ಯಾರೂ ಕೇಳಲಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆಯುವ ಕಡೆ ಗಂಡ ಬಂದು, ಒದ್ದೆ ತಟ್ಟೆಯೊಂದನ್ನು ಸುಮ್ಮನೆ ಒರೆಸಿ ಕೇಳಿದ.

"ನೀನು ಮಾಡಿಲ್ಲ ತಾನೇ?"

ನಲ್ಲಿಯ ನೀರು ಸುರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಿ ಅವನ ಮುಖ ನೋಡಿದಳು.

"ನೀವೇನಂತೀರಿ?"

"ನಾನೇನಂತೀನಿ... ಕೇಳ್ದೆ ಅಷ್ಟೇ."

ಅವಳು ಮತ್ತೆ ನಲ್ಲಿ ಬಿಟ್ಟಳು.

ಮರುದಿನ ಮಧ್ಯಾಹ್ನ ಮಾವ ದಾರ ತರಲು ಪೇಟೆಗೆ ಹೋಗಿದ್ದರು, ಅತ್ತೆ ಒಳಗೆ ಒರಗಿದ್ದರು. ಸೊಸೆ ಕಿಟಕಿಯ ಬಳಿ ಕೂತು ಕೋಟಿಗೆ ಗುಂಡಿ ಹಾಕುತ್ತಿದ್ದಳು. ಕಲ್ಲಾಗಿ ನಿಂತ ಫೋನು ಮೇಜಿನ ಮೇಲಿತ್ತು. ನಾದಿನಿ ಕಾಲೇಜಿನಿಂದ ಬಂದು ಎಬ್ಬಿಸುವವರೆಗೆ ಅದನ್ನು ಮುಟ್ಟಬಾರದೆಂದು ಅವಳಿಗೆ ಅಪ್ಪಣೆಯಾಗಿತ್ತು. ಮುಟ್ಟಲಿಲ್ಲ, ನೋಡಿದಳು. ನೋಡುವುದಕ್ಕೆ ಅಪ್ಪಣೆ ಬೇಕಿರಲಿಲ್ಲ.

ಬಲಗಡೆ ಕಾಜಾ. ಎಡಗಡೆ ಎರಡು ಪದರ ಬಟ್ಟೆ, ಬಕ್ರಮ್ಮು, ಒಳಗೆ ಮಡಿಚಿ ಹೊಡೆದ ಹೊಲಿಗೆ. ಆ ಹೊಲಿಗೆಯ ನಡುವೆ ಒಂದು ಕಡೆ ಬಟ್ಟೆ ಕೂದಲೆಳೆಯಷ್ಟು ಉಬ್ಬಿತ್ತು. ಒಳಗಿನಿಂದ ಯಾವುದೋ ಎಲುಬು ಒತ್ತಿದ ಹಾಗೆ. ಮೈಗೆ ಬಿಗಿಯಾದ ಅಂಗಿ ಹೀಗೇ ಉಬ್ಬುತ್ತದೆ, ಕಂಕುಳಲ್ಲಿ, ಭುಜದ ತುದಿಯಲ್ಲಿ. ಮಾವನೇ ಕಲಿಸಿದ್ದರು.

ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಅವಳು ಎದ್ದಳು. ಫೋನನ್ನು ಅಂಗಿಯಿಂದ ಹೊರಗೆ ಎಳೆದಳು. ಎಡಗಡೆಯಲ್ಲಿ ಸದ್ದು ಏರಿಸಿ ಇಳಿಸುವ ಬಟನ್ನು. ಅದರ ಕೆಳತುದಿಯಲ್ಲಿ ನೀಲಿ ನೂಲಿನ ಎಳೆಯೊಂದು ಅಂಟಿಕೊಂಡಿತ್ತು. ಅಂಗಿಯ ಒಳಗೆ ಅದೇ ಜಾಗದಲ್ಲಿ ಅಸ್ತರು ಸವೆದು ಹೊಳೆಯುತ್ತಿತ್ತು.

ಬರಿ ಫೋನನ್ನು ಒತ್ತಿ ಹಿಡಿದಳು. ಎದ್ದಿತು. ಆಫ್ ಮಾಡಿ ಅಂಗಿ ತೊಡಿಸಿ ಒತ್ತಿದಳು. ಕಲ್ಲಾಯಿತು. ಅಂಗಿ ಕಳಚಿ, ಈ ಸಲ ಆ ಎಡಗಡೆಯ ಬಟನ್ನನ್ನು ತನ್ನ ಹೆಬ್ಬೆರಳಿಂದಲೇ ಅದುಮಿಕೊಂಡು ಒತ್ತಿದಳು. ಕಲ್ಲಾಯಿತು.

ಅಂದರೆ ಫೋನು ಏಳುವಾಗೆಲ್ಲ ಅಂಗಿ ಅದರ ಪಕ್ಕೆ ಅದುಮಿ ಹಿಡಿಯುತ್ತಿತ್ತು. ಹಗಲಲ್ಲಿ ಅದರ ಸದ್ದನ್ನು ಇಳಿಸುತ್ತಿದ್ದುದೂ ಅದೇ. ನಾದಿನಿ ಕಿತ್ತೆಸೆಯುತ್ತಿದ್ದಳು, ರಿಪೇರಿಯವನು ಕಳಚಿಟ್ಟಿದ್ದ, ಆದ್ದರಿಂದ ಅವರ ಕೈಯಲ್ಲಿ ಎದ್ದಿತು. ಮಾವ ತೊಡಿಸಿದ ಬಟ್ಟೆಯನ್ನು ಬಿಚ್ಚುವ ಧೈರ್ಯ ಈ ಮನೆಯಲ್ಲಿ ಇಲ್ಲದವಳು ಅವಳೊಬ್ಬಳೇ.

ಈಗಲೇ ಅತ್ತೆಯನ್ನು ಎಬ್ಬಿಸಿ ಹೇಳಬಹುದಿತ್ತು. ಒಳಕೋಣೆಯ ಬಾಗಿಲವರೆಗೆ ಹೋದಳು ಕೂಡ. ಅಲ್ಲಿ ನಿಂತಾಗ ಸಂಜೆ ಗಂಡ ಆಡಬಹುದಾದ ಮಾತು ಕಿವಿಗೆ ಬಿದ್ದ ಹಾಗಾಯಿತು: "ಒಂದು ಫೋನಿನ ಅಳತೆ ಸಿಗಲಿಲ್ಲ ನಿಮಗೆ. ಮನುಷ್ಯರ ಅಳತೆ ಸಿಗುತ್ತಾ? ಕತ್ತರಿ ಇಡಿ ಅಪ್ಪಾ." ಈ ಕೈಯಿಂದ ಹೋದ ಬಟ್ಟೆ ವಾಪಸ್ ಬಂದಿಲ್ಲ ಎಂದವರ ಮುಂದೆ, ಮನೆಯ ಒಳಗಿಂದಲೇ ಒಂದು ವಾಪಸ್ ಬರಬೇಕು. ಆಮೇಲೆ ಕಿಟಕಿಯ ಪಕ್ಕ ಮೈದಾ ಮೂಟೆ. ಕತ್ತರಿಸುವ ಕೈಯೂ ಇಲ್ಲ, ಅದನ್ನು ನೋಡುವ ಕೆಲಸವೂ ಇಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳು ತಿರುಗಿ ಬಂದು, ಬ್ಲೇಡಿನ ತುದಿಯಿಂದ ಎಡಗಡೆಯ ಹೊಲಿಗೆ ಬಿಚ್ಚಿ, ಅಲ್ಲಿ ಬಕ್ರಮ್ಮನ್ನು ಕತ್ತರಿಸಿ ತೆಗೆದು, ಹೊಲಿಗೆಯ ಗೆರೆಯನ್ನು ಸೂಜಿಯ ದಪ್ಪದಷ್ಟು ಹೊರಗೆ ಸರಿಸಿ, ಅದೇ ನೀಲಿ ನೂಲಿನಲ್ಲಿ ಹೊಸ ಹೊಲಿಗೆ ಹಾಕಿದಳು. ಮಾವನ ಹೊಲಿಗೆಯ ಅಂತರವನ್ನೇ ಹಿಡಿದಳು. ದಾರವನ್ನು ಹಲ್ಲಿನಿಂದ ಕಡಿಯುವ ಹೊತ್ತಿಗೆ ಮಾವ ಮೆಟ್ಟಿಲೇರುವ ಸದ್ದು ಕೇಳಿತು.

ಮರುದಿನ ಫೋನು ಮೊದಲ ಒತ್ತಿಗೇ ಎದ್ದಿತು. ಅದರ ಮರುದಿನವೂ. ಹಗಲಲ್ಲಿ ಗಂಟಲು ಬಿಚ್ಚಿ ಕೂಗಿತು. ಕಷ್ಟ ಮುಗಿಯಿತೆಂದು ಸೊಸೆ ತಿಳಿದಳು. ಕಷ್ಟ ಶುರುವಾಗಿದ್ದೇ ಆಗ.

"ನೋಡಿದ್ರಾ?" ಎಂದರು ಅತ್ತೆ, ಆ ವಾರ ಪೂರ್ತಿ ಕಾದು ನೋಡಿ. "ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಆಡಿದ್ದೇ ತಡ, ಸರಿಹೋಯ್ತು. ಯಾವ ರಿಪೇರಿನೂ ಬೇಕಾಗಲಿಲ್ಲ. ಇಷ್ಟು ದಿನ ಅನುಮಾನ ಇತ್ತು. ಈಗ ಖಾತ್ರಿ."

ಮಾವ ಕನ್ನಡಕ ಒರೆಸತೊಡಗಿದರು. ಗಂಡ ಬನ್ನಿನ ತುದಿಯನ್ನು ಚಹಾದಲ್ಲಿ ಅದ್ದಿ, ಅದು ಕರಗಿ ಲೋಟದೊಳಗೆ ಬೀಳುವವರೆಗೂ ಹಾಗೇ ಹಿಡಿದಿದ್ದ.

"ಸ್ವಲ್ಪ ದಿನ ತವರಿಗೆ ಹೋಗಿ ಬರ್ಲಿ," ಎಂದರು ಅತ್ತೆ. "ನಾನೇನು ಓಡಿಸ್ತಿಲ್ಲಪ್ಪ. ಅವರಮ್ಮ ಒಂದಷ್ಟು ಬುದ್ಧಿ ಹೇಳ್ಲಿ."

"ಎಷ್ಟು ದಿನ?" ಗಂಡ ಕೇಳಿದ. ಯಾಕೆ ಎಂದು ಕೇಳಲಿಲ್ಲ.

"ನಾವೇ ಹೇಳಿ ಕಳಿಸ್ತೀವಿ."

ಸೊಸೆ ಬಟ್ಟೆಗಳನ್ನು ಮಡಚಿ ಮದುವೆಯಲ್ಲಿ ತಂದಿದ್ದ ಕಂದು ಬ್ಯಾಗಿಗೆ ತುಂಬಿದಳು. ತಂದದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ, ಜಿಪ್ಪು ಸಲೀಸಾಗಿ ಕೂಡಿತು. ನಾದಿನಿ ಮಂಚದ ಮೇಲೆ ಕಾಲು ಇಳಿಬಿಟ್ಟು ನೋಡುತ್ತಿದ್ದಳು.

"ಅತ್ತಿಗೆ, ನಿಜ ಹೇಳಿ. ನೀವು ಏನ್ ಮಾಡಿದ್ರಿ? ಯಾರಿಗೂ ಹೇಳಲ್ಲ."

"ಏನೂ ಮಾಡ್ಲಿಲ್ಲ ಅಂದ್ರೆ ನಂಬ್ತೀಯಾ?"

"ಇಲ್ಲ," ಎಂದಳು ನಾದಿನಿ ಪ್ರಾಮಾಣಿಕವಾಗಿ. "ಈಗ ಸರಿಹೋಗಿದೆಯಲ್ಲ, ಅದಕ್ಕೇ ಡೌಟು."

ಹೊರಡುವ ದಿನ ಬೆಳಿಗ್ಗೆ ಎಲ್ಲರೂ ಮುಂದಿನ ಕೋಣೆಯಲ್ಲಿದ್ದರು. ಅಂದು ಬೇಕರಿಗೆ ತಡವಾಗಿ ಹೋಗುವೆನೆಂದು ಹೇಳಿದ್ದ ಗಂಡ ವ್ಯಾನಿನಲ್ಲಿ ಬಸ್ಸಿನವರೆಗೆ ಬಿಡುವವನಿದ್ದ. ಬ್ಯಾಗು ಹೊಸ್ತಿಲ ಬಳಿ. ಸೊಸೆ ಮಾವನಿಗೆ ಚಹಾ ಕೊಟ್ಟು, ರೂಢಿಯಂತೆ ಫೋನಿಗೆ ಕೈಚಾಚಿದಳು.

"ಬೇಡ, ನಾನೇ ಒತ್ತುತೀನಿ. ಇನ್ಮೇಲೆ ನಾನೇ ತಾನೇ," ಎಂದು ಮಾವ ಅದನ್ನು ಎತ್ತಿಕೊಂಡರು. ಬಲಗೈಯ ಬೆರಳು ಕಾಜಾ ಹುಡುಕಿತು. ಎಡಗೈಯ ಹೆಬ್ಬೆರಳು ಸುಮ್ಮನೆ ಹೊಲಿಗೆಯ ಮೇಲೆ ಸರಿಯಿತು. ಸರಿಯುತ್ತ ಹೋದದ್ದು ನಿಂತಿತು. ಹಿಂದಕ್ಕೆ ಬಂತು. ಮತ್ತೆ ಸರಿಯಿತು.

"ಇದನ್ನ ಯಾರು ಬಿಚ್ಚಿದ್ದು?"

ಮಾವ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

"ಇದು ನನ್ನ ಹೊಲಿಗೆ ಅಲ್ಲ. ನಾನು ಮೆಷಿನ್ನಲ್ಲಿ ಹೊಡೆದಿದ್ದೆ. ಇದು ಕೈಹೊಲಿಗೆ. ಚೆನ್ನಾಗಿದೆ. ಯಾರದು?"

"ಅಯ್ಯೋ!" ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ಬಿಚ್ಚಿ ಹೊಲಿದಿದಾಳೆ! ಒಳಗೆ ಏನೋ ಬಚ್ಚಿಟ್ಟಿದ್ಲು. ಸಿಮ್ಮೋ ಪಮ್ಮೋ! ನೋಡಿ, ಮೊದಲು ಬಿಚ್ಚಿ ನೋಡಿ!"

"ನಾನೇ ಮಾವ," ಎಂದಳು ಸೊಸೆ.

"ಯಾಕೆ?"

ಅವಳು ಗಂಡನ ಕಡೆ ನೋಡಿದಳು, ಮಾವನ ಕನ್ನಡಕದ ಕಡೆ ನೋಡಿದಳು. "ಸುಮ್ನೆ."

"ಸುಮ್ನೆ ಯಾರೂ ಇನ್ನೊಬ್ಬರ ಹೊಲಿಗೆ ಬಿಚ್ಚಲ್ಲ," ಎಂದರು ಮಾವ. ಅವರು ಕಿಟಕಿಯ ಬೆಳಕಿಗೆ ಹೋದರು. ಅಂಗಿಯನ್ನು ಕಳಚಿ ಒಳಗನ್ನು ಹೊರಗೆ ಮಾಡಿ, ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ತಡವಿದರು. ಬಕ್ರಮ್ಮು ಇಲ್ಲದ ಜಾಗ. ಹಳೇ ಹೊಲಿಗೆಯ ತೂತುಗಳು ಸಾಲಾಗಿ ಇನ್ನೂ ಕಾಣುತ್ತಿದ್ದವು. ಸವೆದು ಹೊಳೆಯುತ್ತಿದ್ದ ಅಸ್ತರನ್ನು ಉಗುರಿನಿಂದ ಕೆರೆದರು. ಆಮೇಲೆ ಫೋನಿನ ಎಡಪಕ್ಕವನ್ನು ಅದರ ಮೇಲಿಟ್ಟು ಹೊಂದಿಸಿ ನೋಡಿದರು. ಆ ಕೋಣೆಯಲ್ಲಿ ಗಿರಾಕಿಯ ಮೈಗೆ ಅರೆಹೊಲಿದ ಕೋಟು ಹಿಡಿದು ನೋಡುವಾಗ ಹೇಗೆ ನೋಡುತ್ತಿದ್ದರೋ ಹಾಗೆ.

"ಸೂಜಿ ಕೊಡು."

ಸೊಸೆ ದಾರ ಪೋಣಿಸಿ ಕೊಟ್ಟಳು. ಮೇಜಿನ ಕೆಳಗಿಂದ ಬಕ್ರಮ್ಮಿನ ಒಂದು ತುಂಡು ಹುಡುಕಿ ಮಾವ ಒಳಗೆ ಸೇರಿಸಿ, ಹಳೇ ತೂತುಗಳಲ್ಲೇ ಸೂಜಿ ಹಾಯಿಸಿ, ಮೊದಲು ಹೇಗಿತ್ತೋ ಹಾಗೇ ಬಿಗಿದರು. ಅತ್ತೆಗೆ ತಡೆಯಲಾಗಲಿಲ್ಲ. "ಬಸ್ಸಿಗೆ ಹೊತ್ತಾಗುತ್ತೆ. ಇವರು ಹೊಲಿಗೆ ಹಾಕ್ತಾ ಕೂತರು!"

ಫೋನನ್ನು ತೂರಿಸಿ ಒತ್ತಿದರು. ಎಲ್ಲರೂ ಬಗ್ಗಿ ನೋಡಿದರು. ಕಂಪನಿಯ ಗುರುತು ಮೂಡಿತು. ಕಲ್ಲಾಗಿ ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

ಮಾವ ಅಂಗಿ ಕಿತ್ತರು, ಒತ್ತಿದರು. ಫೋನು ಎದ್ದು ಹಾಡಿತು.

"ಫೋನು ಕೆಟ್ಟಿಲ್ಲ," ಎಂದರು ಮಾವ. "ಅವಳು ಕೆಡಿಸೂ ಇಲ್ಲ. ನನ್ನ ಹೊಲಿಗೆ ಬಿಗಿಯಾಯ್ತು. ಇದರ ಪಕ್ಕೇಲಿರೋ ಬಟನ್ನು ಅದುಮ್ಕೊಂಡು ಕೂತಿತ್ತು."

"ನಾನು ಹೇಳ್ಲಿಲ್ವಾ ಅಪ್ಪಾ, ಕಣ್ಣು..." ಎಂದು ಮಗ ಶುರುಮಾಡಿದ.

"ಕಣ್ಣಲ್ಲ ಕಣೋ! ಅಳತೆ ಸರಿಯಾಗೇ ಇದೆ, ಬೇಕಾದ್ರೆ ಪಟ್ಟಿ ಹಿಡಿದು ನೋಡು. ಮನುಷ್ಯನಿಗೆ ಹೊಲಿವಾಗ ಉಸಿರಾಡೋಕೆ, ಕೈಯೆತ್ತೋಕೆ ಅಂತ ಅಳತೆ ಮೇಲೆ ಒಂದಿಷ್ಟು ಬಿಡ್ತೀವಿ. ಇದಕ್ಕೆ ಉಸಿರೆಲ್ಲಿದೆ ಅಂತ ಬಿಡಲಿಲ್ಲ. ಸುಕ್ಕಿಲ್ಲದೆ ಕೂರ್ಲಿ ಅಂತ ಆಸೆಪಟ್ಟೆ." ಅವರು ಸೊಸೆಯ ಕಡೆ ತಿರುಗಿದರು. "ಗೊತ್ತಿದ್ದೂ ಬ್ಯಾಗ್ ಕಟ್ಟಿದೆಯಲ್ಲ, ನೀನು ಎಂಥವಳು?"

ಸೊಸೆಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು.

"ಅದೇ ನಾನೂ ಕೇಳೋದು! ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು? ಬಾಯಲ್ಲಿ ಅವಲಕ್ಕಿ ಇತ್ತಾ? ನಮ್ಮನ್ನೆಲ್ಲ ಕೆಟ್ಟವರು ಮಾಡೋಕೆ ಅಲ್ವಾ ಇದೆಲ್ಲ!"

"ನೀನು ಒಳಗೆ ನಡಿ," ಎಂದರು ಮಾವ.

ಅತ್ತೆ ಒಳಗೆ ನಡೆದರು. ಹೋಗುವಾಗ ಹೊಸ್ತಿಲ ಬಳಿಯ ಬ್ಯಾಗು ಕಾಲಿಗೆ ತೊಡರಿದಂತೆ ಮಾಡಿ, ಅದನ್ನು ಎತ್ತಿ ಸೊಸೆಯ ಕೋಣೆಯೊಳಗೆ ಇಟ್ಟರು. ಅದಕ್ಕಿಂತ ಹೆಚ್ಚಿನದನ್ನು ಆ ಬಾಯಿಂದ ಯಾರೂ ನಿರೀಕ್ಷಿಸಿರಲಿಲ್ಲ.

ಅಂದು ಸಂಜೆ ಗಂಡ ನಿನ್ನೆಯದಲ್ಲದ, ಅಂದೇ ಬೆಂದ ಬನ್ನುಗಳನ್ನು ತಂದ. ಪಾತ್ರೆ ತೊಳೆಯುವಲ್ಲಿ ಬಂದು ನಿಂತ.

"ನನಗೆ ಮೊದಲೇ ಗೊತ್ತಿತ್ತು, ನೀನಲ್ಲ ಅಂತ."

"ಗೊತ್ತಿದ್ದವರು ಕೇಳಿದ್ದೇಕೆ?"

ಅವನು ಒದ್ದೆ ತಟ್ಟೆಗಾಗಿ ಸುತ್ತ ನೋಡಿದ. ಎಲ್ಲ ಒರೆಸಿಟ್ಟಾಗಿತ್ತು.

ಹೊಸ ಅಂಗಿಯನ್ನು ಸೊಸೆಯೇ ಕತ್ತರಿಸಿದಳು. ಮಾವ ಪಕ್ಕದಲ್ಲಿ ಕೂತು, ಅಳತೆಪಟ್ಟಿ ಹಿಡಿದು, ಪ್ರತಿಯೊಂದು ಗೆರೆಯನ್ನೂ ಕಳ್ಳನನ್ನು ನೋಡಿದ ಹಾಗೆ ನೋಡಿದರು. "ಸಡಿಲ ಜಾಸ್ತಿಯಾಯ್ತು. ಗೋಣಿಚೀಲ!" ಎಂದರು. ಆದರೂ ಅದನ್ನೇ ತೊಡಿಸಿದರು. ಗೋದಾಮಿನ ಮಾತನ್ನು ಮಗ ಆ ತಿಂಗಳು ಎತ್ತಲಿಲ್ಲ. ಮುಂದಿನ ತಿಂಗಳು ಎತ್ತುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಫೋನು ಏಳುವಾಗ ಮಾತ್ರ ಇಡೀ ಮನೆ ಈಗಲೂ ಉಸಿರು ಹಿಡಿದು ಅದರತ್ತ ಒಂದು ಕಣ್ಣಿಡುತ್ತಿತ್ತು. ಒಮ್ಮೆ ಕೆಟ್ಟ ಹೆಸರು ಬಂದದ್ದನ್ನು ಅಷ್ಟು ಸುಲಭಕ್ಕೆ ಯಾರು ನಂಬುತ್ತಾರೆ?

ಕಂದು ಬ್ಯಾಗು ಸೊಸೆಯ ಕೋಣೆಯ ಬಾಗಿಲ ಹಿಂದೆ, ಗೋಡೆಯ ಮೊಳೆಗೆ ತೂಗುತ್ತಿತ್ತು. ಮೊದಲು ಅದು ಮಂಚದ ಕೆಳಗೆ ಇರುತ್ತಿದ್ದದ್ದು.

"ಬ್ಯಾಗು ಇನ್ನೂ ಅಲ್ಲೇ ಇದೆಯಲ್ಲ?" ಅತ್ತೆ ಒಂದು ದಿನ ಕೇಳಿದರು.

"ಇರ್ಲಿ ಅತ್ತೆ."

"ಬಟ್ಟೆ ತೆಗೆದಿಡಲಿಲ್ವಾ?"

"ಇರ್ಲಿ ಅತ್ತೆ."

ಅತ್ತೆ ಅದನ್ನು ಮಾವನಿಗೆ ಹೇಳಿದರು, ಮಗನಿಗೆ ಹೇಳಿದರು, ಮಗಳಿಗೆ ಹೇಳಿದರು. ಅಂದಿನಿಂದ ಬೆಳಿಗ್ಗೆ ಅವರು ಫೋನಿಗಿಂತ ಮೊದಲು ಆ ಬಾಗಿಲ ಹಿಂದೆ ಇಣುಕಿ ನೋಡತೊಡಗಿದರು. ಬ್ಯಾಗು ಇತ್ತೋ, ಚಹಾ ರುಚಿಸುತ್ತಿತ್ತು.

ಒಂದು ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋಗಿದ್ದಳು. ಅತ್ತೆ ಸುತ್ತ ನೋಡಿ, ಬ್ಯಾಗನ್ನು ಇಳಿಸಿ, ಜಿಪ್ಪು ಎಳೆದು ಕೈಹಾಕಿದರು. ಮೂಲೆಯವರೆಗೂ ಹಾಕಿದರು. ಒಳಗೆ ಏನೂ ಇರಲಿಲ್ಲ. ಬಟ್ಟೆಗಳೆಲ್ಲ ಎಂದೋ ಕಪಾಟಿಗೆ ಹೋಗಿದ್ದವು. ಅತ್ತೆ ಸ್ವಲ್ಪ ಹೊತ್ತು ಖಾಲಿ ಬ್ಯಾಗನ್ನು ಹಿಡಿದು ನಿಂತು, ಜಿಪ್ಪು ಮುಚ್ಚಿ, ಹೇಗಿತ್ತೋ ಹಾಗೇ ತೂಗುಹಾಕಿ, ಸದ್ದಿಲ್ಲದೆ ಅಡುಗೆಮನೆಗೆ ಹೋದರು.

ಸೊಸೆ ಕೂದಲು ಒರೆಸಿಕೊಳ್ಳುತ್ತ ಬಂದಳು. ಗೋಡೆಯ ಕಡೆಗೆ ಮುಖ ಮಾಡಿದ್ದ ಬ್ಯಾಗಿನ ಬಕಲು ಈಗ ಬಾಗಿಲ ಕಡೆಗಿತ್ತು. ಅವಳು ನೋಡಿದಳು. ಬ್ಯಾಗನ್ನು ಮತ್ತೆ ಗೋಡೆಯ ಕಡೆ ತಿರುಗಿಸಿ, ಚಹಾಕ್ಕೆ ನೀರಿಟ್ಟು, ಒಲೆಯ ಬಳಿಯೇ ಫೋನಿನ ಬಟನ್ ಒತ್ತಿ ಹಿಡಿದಳು.

"ಎದ್ದಿತಾ?" ಮುಂದಿನ ಕೋಣೆಯಿಂದ ಮಾವ ಕೇಳಿದರು.

"ಏಳ್ತಾ ಇದೆ ಮಾವ," ಎಂದಳು.